ರಾತ್ರಿಯ ಎಎಂ ರೇಡಿಯೋ, ಹಳೇ ರಾಕ್: ಐದು ದಾರಿ ಹಿಡಿದು ನೋಡಿದೆ

1971ರ ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಊರಿಗೆ ಓದಲು ಬಂದೆ. ಬಾಡಿಗೆ ಕೋಣೆಯಲ್ಲಿ ಹಿಂದಿದ್ದ ಹುಡುಗ ಬಿಟ್ಟುಹೋಗಿದ್ದ ಒಂದು ಟ್ರಾನ್ಸಿಸ್ಟರ್ ಇತ್ತು. ಹಗಲು ಹಾಕಿದರೆ ಮೆಕ್ಕೆಜೋಳದ ಧಾರಣೆ, ಹಂದಿಯ ಧಾರಣೆ, ಹವಾಮಾನ. ರಾತ್ರಿ 11 ದಾಟಿದ ಮೇಲೆ ಒಂದು ದಿನ ಸುಮ್ನೆ ಅದರ ಕಿವಿ ಹಿಂಡುತ್ತಾ ಕೂತಿದ್ದೆ. ಎಎಂನಲ್ಲಿ, ಅಂದರೆ ನಮ್ಮ ಮೀಡಿಯಂ ವೇವ್‌ನಲ್ಲಿ, 1090 ಕಿಲೋಹರ್ಟ್ಸ್ ಹತ್ತಿರ ಒಬ್ಬರು ತುಂಬಾ ನಿಧಾನವಾಗಿ, ಗುಟ್ಟು ಹೇಳುವ ಹಾಗೆ ಮಾತಾಡುತ್ತಿದ್ದರು. ಮಾತಿನ ಹಿಂದೆ ಗವಿಯೊಳಗಿಂದ ಬರುವಂಥ ಒಂದು ಸದ್ದು. ಆಮೇಲೆ ಹಾಡು ಶುರುವಾಯಿತು. ಮೂರು ನಿಮಿಷಕ್ಕೆ ಮುಗಿಯುತ್ತದೆ ಅಂದುಕೊಂಡರೆ ಎಲ್‌ಪಿಯ ಒಂದು ಮಗ್ಗುಲು ಪೂರ್ತಿ ಓಡಿತು.

ಅದು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನ ಕೆಎಎವೈ ಅನ್ನೋ ಸ್ಟೇಷನ್. ಕಾರ್ಯಕ್ರಮದ ಹೆಸರು ಬೀಕರ್ ಸ್ಟ್ರೀಟ್. ಕ್ಲೈಡ್ ಕ್ಲಿಫರ್ಡ್ ಅನ್ನೋ ಹೆಸರಲ್ಲಿ ಮಾತಾಡುತ್ತಿದ್ದವರು ಆ ಹೊತ್ತಿನ ಪಾಳಿಯ ಎಂಜಿನಿಯರ್ ಕೂಡ ಆಗಿದ್ದರು. ಹಾಗಾಗಿ ಸ್ಟುಡಿಯೋ ಬಿಟ್ಟು, ಊರಾಚೆಯ ಟ್ರಾನ್ಸ್‌ಮಿಟರ್ ಕಟ್ಟಡದಲ್ಲೇ ಕೂತು ಹಾಡು ಹಾಕುತ್ತಿದ್ದರು. ಅಲ್ಲಿನ ಯಂತ್ರಗಳ ಗದ್ದಲ ಮೈಕಿಗೆ ಬೀಳುತ್ತಿತ್ತು. ಅದನ್ನು ಮುಚ್ಚಲು ಹಿಂದೆ ಆ ವಿಚಿತ್ರ ಸದ್ದು ಹಾಕುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಸುಮಾರು 800 ಕಿಲೋಮೀಟರ್ ದೂರದಲ್ಲಿ ಯಾರೋ ಎಚ್ಚರವಿದ್ದಾರೆ, ನಾನೂ ಎಚ್ಚರವಿದ್ದೇನೆ.

ಕ್ಲೈಡ್ ಅವರ ಆ ಪಾಳಿ 1972ರಲ್ಲಿ ಮುಗಿಯಿತು. ಆಮೇಲೆ ನನ್ನ ರಾತ್ರಿಗಳು ಶಿಕಾಗೋದ ಡಬ್ಲ್ಯುಎಲ್‌ಎಸ್‌ಗೆ ಹೋದವು, 890ಕ್ಕೆ. ಅದೂ 1989ರಲ್ಲಿ ಹಾಡು ಬಿಟ್ಟು ಮಾತಿಗೆ ಹೊರಳಿತು. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಅದಕ್ಕೂ ಮೊದಲೇ, 1982ರ ಮೇ 10ರಂದು, ಹಾಡು ನಿಲ್ಲಿಸಿತ್ತು. ಸಂಗೀತವೆಲ್ಲ ಎಫ್‌ಎಂಗೆ ಹೋಗಿಬಿಟ್ಟಿತ್ತು. ಎಫ್‌ಎಂ ಸದ್ದು ಚೆನ್ನ, ಒಪ್ಪುತ್ತೇನೆ. ಆದರೆ ನೂರು ಕಿಲೋಮೀಟರ್ ಆಚೆ ಅದು ಬರೋದಿಲ್ಲ.

ಕಳೆದ ಚಳಿಗಾಲದಲ್ಲಿ ಹಟ ಹಿಡಿದೆ. ಆ ರಾತ್ರಿಗಳನ್ನು ಮತ್ತೆ ಕೇಳಲು ಈಗ ಏನೇನು ದಾರಿ ಇದೆಯೋ ಅಷ್ಟನ್ನೂ ನೋಡಬೇಕು ಅಂತ. ನವೆಂಬರ್ ಅಯೋವಾದ ಮನೆಯಲ್ಲಿ, ಡಿಸೆಂಬರ್ ಮತ್ತು ಜನವರಿ ಮೈಸೂರಿನ ತಂಗಿ ಮನೆಯಲ್ಲಿ, ಫೆಬ್ರವರಿ ಮತ್ತೆ ಅಯೋವಾ.

ಫೋನಿನಲ್ಲಿ ಹಾಡು ಕೇಳುವ ದಾರಿ ಎಲ್ಲರಿಗೂ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. ಲೆಡ್ ಜೆಪ್ಪೆಲಿನ್, ಡೋರ್ಸ್, ಪಿಂಕ್ ಫ್ಲಾಯ್ಡ್, ಬೇಕಾದದ್ದೆಲ್ಲ ಬೆರಳ ತುದಿಯಲ್ಲಿ. ಗಿಟಾರಿನ ತಂತಿ ಮೇಲೆ ಬೆರಳು ಜಾರಿದ್ದೂ ಕೇಳುತ್ತದೆ. ಕಾರಿನ ಸ್ಯಾಟಲೈಟ್ ರೇಡಿಯೋದ ರಾಕ್ ಚಾನೆಲ್ ಕೂಡ ಹೀಗೆಯೇ. ಹಾಡನ್ನಷ್ಟೇ ಪ್ರೀತಿಸುವವರು ಮುಂದೆ ಓದಬೇಕಾಗಿಲ್ಲ, ಇದೇ ಸಾಕು. ನಾನು ಮೂರನೇ ರಾತ್ರಿಗೆ ನಿಲ್ಲಿಸಿದೆ. ಬೇಡದ ಹಾಡು ದಾಟಿಸಬಹುದು ಅನ್ನೋದೇ ನನಗೆ ತೊಡಕಾಯಿತು. ಅಂದು ಬೇಡದ ಹಾಡನ್ನೂ ಕೊನೆವರೆಗೆ ಕೇಳುತ್ತಿದ್ದೆ, ಅದರ ಹಿಂದೆ ಇನ್ನೇನು ಬರುತ್ತದೋ ಅಂತ. ಹಾಗೆ ಕೇಳಿಯೇ ಎಷ್ಟೋ ತಂಡಗಳು ನನ್ನವಾದವು.

ಎರಡನೆಯದು ಹಳೇ ರೇಡಿಯೋ. ನನ್ನ ಹತ್ತಿರ ಇರುವುದು ಜಿಇ ಕಂಪನಿಯ ಸೂಪರ್‌ರೇಡಿಯೋ 2. ಆರು ದಪ್ಪ ಸೆಲ್ ನುಂಗುತ್ತದೆ, ಎತ್ತಿದರೆ ಕೈ ಜಗ್ಗುತ್ತದೆ. ಒಳಗೆ ಫೆರೈಟ್ ಅನ್ನೋ ಅಯಸ್ಕಾಂತೀಯ ವಸ್ತುವಿನ, ಸುಮಾರು ಗೇಣುದ್ದದ ಕಡ್ಡಿ ಇದೆ. ಎಎಂಗೆ ಆ ಕಡ್ಡಿಯೇ ಏರಿಯಲ್. ಹೊರಗೆ ಎಳೆಯುವ ಉಕ್ಕಿನ ಕಡ್ಡಿ ಎಫ್‌ಎಂಗೆ ಮಾತ್ರ. ಎಷ್ಟೋ ಜನ ಇದು ಗೊತ್ತಿಲ್ಲದೆ ಆ ಕಡ್ಡಿಯನ್ನೇ ಅತ್ತಿತ್ತ ಎಳೆದಾಡುತ್ತಾರೆ.

ಮೊದಲ ರಾತ್ರಿ ಬರೀ ಗೊರಗೊರ. ಆಕಾಶದ ತಪ್ಪಲ್ಲ, ಮನೆಯದು. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಟಿವಿ, ಒಂದೊಂದೂ ರೇಡಿಯೋದೊಳಗೆ ಸದ್ದು ಸುರಿಯುತ್ತದೆ. 1971ರಲ್ಲಿ ಟಿವಿ ಬಿಟ್ಟರೆ ಇವು ಯಾವುವೂ ಇರಲಿಲ್ಲ ಅಲ್ವಾ. ಒಂದೊಂದಾಗಿ ಕಿತ್ತು ಹಾಕುತ್ತಾ ಹೋದೆ. ಅಡುಗೆಮನೆಯ ದೀಪ ಆರಿಸಿದ ತಕ್ಷಣ ಅರ್ಧ ಗದ್ದಲ ಹೋಯಿತು. ಕತ್ತಲಲ್ಲಿ, ಊಟದ ಮೇಜಿನ ಮೇಲೆ, ಸೆಲ್ ಹಾಕಿದ ರೇಡಿಯೋ ಒಂದೇ.

ಆಗ ಬಂತು ನೋಡಿ. ಹಗಲಲ್ಲಿ ಮೇಲಿನ ಗಾಳಿಯ ಡಿ ಅನ್ನೋ ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು, ಬಾಗಿ, ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತವೆ. ಜೊತೆಗೆ ಅಮೆರಿಕದಲ್ಲಿ ಎಷ್ಟೋ ಸಣ್ಣ ಸ್ಟೇಷನ್‌ಗಳು ರಾತ್ರಿ ಶಕ್ತಿ ಇಳಿಸಬೇಕು ಅಥವಾ ಮುಚ್ಚಬೇಕು. 50,000 ವಾಟ್‌ನ ದೊಡ್ಡವಕ್ಕೆ ದಾರಿ ಬಿಡಲಿ ಅಂತ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ನ್ಯಾಶ್‌ವಿಲ್, ಡೆನ್ವರ್, ನ್ಯೂ ಆರ್ಲಿಯನ್ಸ್ ಸಾಲಾಗಿ ನಿಂತಿದ್ದವು.

ಆದರೆ ಹಾಡು? ಹೆಚ್ಚಿನವು ಮಾತು, ಆಟ, ಧರ್ಮಬೋಧೆ. ಡಬ್ಲ್ಯುಎಲ್‌ಎಸ್ ಸ್ಪಷ್ಟವಾಗಿ ಬಂತು, ರಾಜಕೀಯ ಮಾತಾಡುತ್ತಿತ್ತು. 740ರಲ್ಲಿ ಮಾತ್ರ ಟೊರಾಂಟೋದ ಸಿಎಫ್‌ಝಡ್‌ಎಂ ಇನ್ನೂ ಹಳೇ ಹಾಡು ಹಾಕುತ್ತದೆ. ತೊಂದರೆ ಅಂದರೆ ಅದೇ 740ರಲ್ಲಿ ಒಕ್ಲಹೋಮಾದ ತುಲ್ಸಾದ ಸ್ಟೇಷನ್ ಕೂಡ ಇದೆ. ಎರಡೂ ಒಂದರ ಮೇಲೊಂದು. ಫೆರೈಟ್ ಕಡ್ಡಿಗೆ ಒಂದು ಗುಣ ಇದೆ. ಅದರ ತುದಿ ಯಾವ ಊರಿನ ಕಡೆ ಇರುತ್ತದೋ ಆ ಊರು ಅದಕ್ಕೆ ಕೇಳೋದಿಲ್ಲ. ನಮ್ಮ ಮನೆಯಿಂದ ತುಲ್ಸಾ ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ. ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗಿಸಿದೆ. ತುಲ್ಸಾದ ದನಿ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಒಂದು ಜಾಗದಲ್ಲಿ ಮಾಯವಾಯಿತು. ಅಡಿಯಿಂದ ಅರವತ್ತರ ದಶಕದ ಒಂದು ಹಾಡು ಮೇಲೆ ಬಂತು. ಒಂದು ಅಂಗುಲ ಆಚೆ ತಿರುಗಿಸಿದರೆ ಮತ್ತೆ ತುಲ್ಸಾ. ಮೇಜಿನ ಮೇಲೆ ಆ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ.

ದಾವಣಗೆರೆಯಲ್ಲಿ ಅಪ್ಪನ ವಾಲ್ವ್ ರೇಡಿಯೋ ಇತ್ತು. ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿ ಏರಿಯಲ್. ರೇಡಿಯೋ ಸಿಲೋನ್ ಸರಿಯಾಗಿ ಕೂತ ಗಳಿಗೆ ಅಪ್ಪ ಎಡಗೈ ಎತ್ತುತ್ತಿದ್ದರು, ಯಾರೂ ಅಲ್ಲಾಡಬೇಡಿ ಅಂತ. ಆ ರಾತ್ರಿ ಟೊರಾಂಟೋ ಕೂತಾಗ ನನ್ನ ಎಡಗೈ ತಾನಾಗಿ ಎದ್ದಿತ್ತು.

ಮೈಸೂರಿಗೆ ಹೋದ ಮೇಲೆ ಮೂರನೇ ದಾರಿ. ಕಿವಿಎಸ್‌ಡಿಆರ್ ಅಂತ ಒಂದು ರಿಸೀವರ್ ಇದೆ. ಹವ್ಯಾಸಿಗಳು ಅದಕ್ಕೆ ತಮ್ಮ ಏರಿಯಲ್ ಜೋಡಿಸಿ ಇಂಟರ್ನೆಟ್ಟಿಗೆ ಬಿಟ್ಟಿರುತ್ತಾರೆ. ಲೋಕದ ಯಾವ ಮೂಲೆಯಲ್ಲಿ ಕೂತರೂ ಅದನ್ನು ಬ್ರೌಸರ್‌ನಲ್ಲಿ ತಿರುಗಿಸಬಹುದು. ಒಂದು ಸಲಕ್ಕೆ ನಾಲ್ಕೋ ಎಂಟೋ ಜನಕ್ಕೆ ಮಾತ್ರ ಜಾಗ. ದುಡ್ಡು ಕೊಡಬೇಕಾಗಿಲ್ಲ. ವಿಸ್ಕಾನ್ಸಿನ್ ರಾಜ್ಯದ ಒಂದನ್ನು ಹಿಡಿದೆ. ತಾಂತ್ರಿಕವಾಗಿ ನೋಡಿದರೆ ಐದರಲ್ಲಿ ಇದೇ ಮೇಲು, ಅನುಮಾನವೇ ಬೇಡ. ನನ್ನ ಮೇಜಿನ ರೇಡಿಯೋಗೆ ಎಟುಕದ್ದು ಇದಕ್ಕೆ ಸಲೀಸು. ದನಿ ಏರಿಳಿದು ಒಡೆಯುವ ಹೊತ್ತಿಗೆ ಅದನ್ನು ಸರಿಮಾಡುವ ಗುಂಡಿಯೂ ಇದೆ.

ಆದರೆ ಪರದೆ ಮೇಲೆ ಎಲ್ಲ ಕಾಣುತ್ತದೆ. ನೀಲಿ ಬಣ್ಣದ ಮೇಲೆ ಹಳದಿ ಗೆರೆಗಳು, ಒಂದೊಂದು ಗೆರೆ ಒಂದೊಂದು ಸ್ಟೇಷನ್. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಾದರೆ ಹುಡುಕೋದು ಎಲ್ಲಿ ಬಂತು? ಇನ್ನೊಂದು ಮಾತು. ಶಿಕಾಗೋದಲ್ಲಿ ರಾತ್ರಿ 11 ಆದಾಗ ಮೈಸೂರಲ್ಲಿ ಬೆಳಿಗ್ಗೆ ಹತ್ತೂವರೆ. ಕಿಟಕಿಯಿಂದ ಬಿಸಿಲು ಬೀಳುತ್ತಿದೆ, ಕುಕ್ಕರ್ ಕೂಗುತ್ತಿದೆ, ಕಿವಿಯಲ್ಲಿ ನಡುರಾತ್ರಿಯ ಗೊರಗೊರ. ತಂಗಿ ಬಂದು ಕೇಳಿದಳು, "ಏನಣ್ಣ ಇದು, ತಿಂಡಿ ತಿಂದ ಕೂಡಲೇ ಶುರು ಹಚ್ಕೊಂಡೆ?" ಅಲ್ಲಿ ಈಗ ರಾತ್ರಿ ಕಣಮ್ಮ ಅಂದೆ. "ಇಲ್ಲಿ ಹಗಲಲ್ವಾ?" ಅಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಊರು ಬಿಟ್ಟು ಬಂದವರಿಗೆ, ಹಳೇ ಸ್ಟೇಷನ್ನಿನ ದನಿ ಒಂದು ಸಲ ಕೇಳಬೇಕು ಅನ್ನಿಸಿದವರಿಗೆ ಇದು ವರ. ನನಗೆ ಕತ್ತಲು ಬೇಕಿತ್ತು.

ನಾಲ್ಕನೆಯದು ಹಳೇ ಟೇಪುಗಳು. ಇಂಗ್ಲಿಷಿನವರು ಏರ್‌ಚೆಕ್ ಅನ್ನುತ್ತಾರೆ. ಆ ಕಾಲದ ಪ್ರಸಾರವನ್ನೇ ಯಾರೋ ಟೇಪ್ ಮಾಡಿಟ್ಟಿದ್ದು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಇದರಲ್ಲಿ ಎರಡು ಜಾತಿ, ಹುಡುಕುವ ಮೊದಲು ತಿಳಿದಿರಿ. ಸ್ಟೇಷನ್ನಿನೊಳಗೆ ಮೈಕ್ ತೆರೆದಾಗ ಮಾತ್ರ ಓಡುವ ಕ್ಯಾಸೆಟ್ ಇರುತ್ತಿತ್ತು. ಅದರಲ್ಲಿ ಹಾಡಿನ ತಲೆ ಬಾಲ ಮಾತ್ರ, ನಡುವೆ ಕತ್ತರಿ. ಇನ್ನೊಂದು ಪೂರ್ತಿ ಟೇಪು, ಹಾಡು, ಜಾಹೀರಾತು, ಸುದ್ದಿ ಎಲ್ಲ ಸೇರಿ. ಪೂರ್ತಿಯದನ್ನೇ ಹುಡುಕಿ.

ಎಪ್ಪತ್ತರ ದಶಕದ ಡಬ್ಲ್ಯುಎಲ್‌ಎಸ್ ರಾತ್ರಿಯ ಒಂದು ಟೇಪು ಸಿಕ್ಕಿತು. ಅಲ್ಲಿನ ನಿರೂಪಕ ಜಾನ್ ಲ್ಯಾಂಡೆಕರ್ ಅವರ ಪಾಳಿ. ಕೊನೆಗೆ ಬೂಗಿ ಚೆಕ್ ಅಂತ ಕೇಳುಗರ ಫೋನುಗಳು, ಒಂದರ ಹಿಂದೆ ಒಂದು, ಉಸಿರು ಬಿಡಲು ಪುರುಸೊತ್ತಿಲ್ಲದ ಹಾಗೆ. ಅವರು ಶಿಕಾಗೋದ ಚಳಿ ಎಷ್ಟು ಡಿಗ್ರಿ ಅಂತ ಹೇಳಿದರು, ಗಂಟೆ ಎಷ್ಟು ಅಂತ ಹೇಳಿದರು. ನಾನು ಗೋಡೆ ಗಡಿಯಾರ ನೋಡಿದೆ. ಐವತ್ತು ವರ್ಷದ ಹಿಂದಿನ ಚಳಿಗೆ ಮೈ ಜುಮ್ಮೆಂದಿತು. ದನಿಗಳನ್ನು ಮತ್ತೆ ಕೇಳಬೇಕು ಅನ್ನುವವರಿಗೆ ಇದರ ಮುಂದೆ ಬೇರೆ ಯಾವುದೂ ನಿಲ್ಲೋದಿಲ್ಲ. ಕೊರತೆ ಒಂದೇ. ಸ್ಟೇಷನ್ನಿನೊಳಗೇ ಹಿಡಿದ ಟೇಪು ತುಂಬಾ ಶುಭ್ರ. ನಾನು ಎಂದೂ ಶಿಕಾಗೋವನ್ನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಆ ಕೊರತೆಗೆ ಮದ್ದು ಮಾಡಿದೆ. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯೊಳಗೆ ಪುಟ್ಟ ಎಎಂ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳಬಹುದು. 100 ಮಿಲಿವಾಟ್, 3 ಮೀಟರ್ ಏರಿಯಲ್, ಅದರ ಒಳಗೆ ಇರಬೇಕು. ಬೇರೆ ದೇಶದಲ್ಲಿದ್ದರೆ ಅಲ್ಲಿನ ನಿಯಮ ನೋಡಿಕೊಳ್ಳಿ. ತರಿಸಿದ ಡಬ್ಬ ಮೊದಲು ಬರೀ ಗುಂಯ್ ಅಂದಿತು, ಜೊತೆಗೆ ಕೊಟ್ಟ ಅಡಾಪ್ಟರ್ ಕಿತ್ತು ಸೆಲ್ ಹಾಕಿದ ಮೇಲೆ ಸರಿಹೋಯಿತು. 1600ರ ಆಚೆ ಒಂದು ಖಾಲಿ ಜಾಗ ನೋಡಿ ಟೇಪನ್ನು ಅದರ ಮೂಲಕ ಬಿಟ್ಟೆ. ಮಹಡಿ ಮೇಲಿನ ಕೋಣೆಯಲ್ಲಿ ಸೂಪರ್‌ರೇಡಿಯೋ ಹಚ್ಚಿ ಮಲಗಿದೆ. ಅದಕ್ಕೆ ಆರಿಸಿದ್ದು ದೂರದ ಯಾವುದೋ ಊರಲ್ಲಿ ಒಬ್ಬ ಕೇಳುಗ ತನ್ನ ರೇಡಿಯೋದಿಂದ ಹಿಡಿದ ಟೇಪು. ದನಿ ಮುಳುಗುವುದು, ಏಳುವುದು ಅದರೊಳಗೇ ಇತ್ತು. ಆ ಕೇಳುಗ ಯಾರೋ ಗೊತ್ತಿಲ್ಲ. ಅವನೂ ಮುಳ್ಳು ಸರಿಮಾಡಿದ ಸದ್ದು ಒಂದು ಕಡೆ ಕೇಳಿಸುತ್ತದೆ. ಮನೆಯಲ್ಲೇ ಕೂತು ಕೇಳುವವರಿಗೆ ನಾನು ಹೇಳೋದು ಇದನ್ನೇ. ಇಷ್ಟು ಹತ್ತಿರ ಬೇರೆ ಯಾವುದೂ ಬರಲಿಲ್ಲ.

ಇನ್ನು ಐದನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾರು. ರಾತ್ರಿ 10ರ ಮೇಲೆ ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಸಾಕು. ಮನೆಯ ಗದ್ದಲ ಹಿಂದೆ ಉಳಿಯುತ್ತದೆ, ಎರಡೂ ಕಡೆ ಕೊಯ್ಲಾದ ಮೆಕ್ಕೆಜೋಳದ ಹೊಲ, ಹಿಮ. ಏರಿಯಲ್ ಹೊರಗಿರುವುದರಿಂದ ರೇಡಿಯೋ ಚೆನ್ನಾಗಿ ಎಳೆಯುತ್ತದೆ. ಸೇತುವೆ ಅಡಿ ಹೋದರೆ ಒಂದು ಗಳಿಗೆ ದನಿ ಇಲ್ಲ, ಆಚೆ ಬಂದರೆ ಮತ್ತೆ ಇದೆ. ಚಳಿಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಮಿಂಚಿನ ಚಟಚಟ ಜಾಸ್ತಿ. ಹಳೇ ಕಾರಾದರೆ ಒಳ್ಳೆಯದು. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ತೆಗೆದೇಬಿಟ್ಟಿದ್ದಾರೆ, ಮೋಟಾರಿನ ಸದ್ದು ನುಗ್ಗುತ್ತದೆ ಅಂತ. ಎಲ್ಲ ಕಾರಿನಲ್ಲೂ ಎಎಂ ಇರಲೇಬೇಕು ಅನ್ನೋ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿಗೆ ಬಂತು. ಅದು ಕಾನೂನಾಗಲಿ ಅಂತ ನನ್ನ ಆಸೆ.

ಮೇಜಿನ ರೇಡಿಯೋ ಮುಂದೆ ಕಾರಿಗೆ ಒಂದು ಸೋಲಿದೆ. ನೆಟ್ಟಗೆ ನಿಂತ ಏರಿಯಲ್‌ಗೆ ಎಲ್ಲ ದಿಕ್ಕೂ ಒಂದೇ, ಯಾವ ಊರನ್ನೂ ತಿರುಗಿಸಿ ಅಳಿಸೋಕೆ ಆಗಲ್ಲ. ಫೆಬ್ರವರಿಯ ಒಂದು ರಾತ್ರಿ ಕಾರಿನಲ್ಲಿ ಹೋಗುವಾಗ 740ರಲ್ಲಿ ಟೊರಾಂಟೋ ಒಂದು ಹಾಡು ಹಾಕಿತು. ಗಿಟಾರ್ ಶುರುವಾದ ಕೂಡಲೇ ಗೊತ್ತು, ಇದನ್ನು ಏಮ್ಸ್‌ನ ಆ ಕೋಣೆಯಲ್ಲಿ ಕೇಳಿದ್ದೆ. ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಮುಂದೆ ಸಿಕ್ಕ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದೆ. ಇಂಜಿನ್ ಆರಿಸಿದೆ, ರೇಡಿಯೋ ಇಟ್ಟುಕೊಂಡೆ. ಹಾಡು ಮುಳುಗಿತು, ಎದ್ದಿತು, ಮುಗಿಯಿತು. ನಿರೂಪಕರು ಹೆಸರು ಹೇಳಲು ಬಾಯಿ ತೆರೆದರು. ಅದೇ ಹೊತ್ತಿಗೆ ತುಲ್ಸಾ ನುಗ್ಗಿತು. ಗಾಜಿನ ಮೇಲೆ ಹಿಮ ಕಟ್ಟುವವರೆಗೂ ಅಲ್ಲೇ ಕೂತಿದ್ದೆ, ಇನ್ನೊಂದು ಸಲ ಹಾಕಬಹುದೇನೋ ಅಂತ.