ನಲವತ್ತು ದಾಟಿದ ಮೇಲೆ ಲೇಸಿಕ್: ಆಸ್ಪತ್ರೆಯವರು ನನ್ನಿಂದ ಮುಚ್ಚಿಟ್ಟ ಒಂದು ಮಾತು

ವಯಸ್ಸು ನಲವತ್ತು ದಾಟಿದ, ಮೈನಸ್ ಪವರ್‌ನ ಕನ್ನಡಕ ಹಾಕುವ, ಓದುಬರಹವನ್ನೋ ಹೊಲಿಗೆಯನ್ನೋ ಹೊಟ್ಟೆಪಾಡಿನ ಕೆಲಸ ಮಾಡಿಕೊಂಡಿರುವ ಯಾರೇ ಆಗಿರಲಿ, ಲೇಸಿಕ್‌ಗೆ, ಅಂದರೆ ಕನ್ನಡಕ ಬಿಡಿಸಲೆಂದು ಲೇಸರ್‌ನಿಂದ ಮಾಡುವ ಕಣ್ಣಿನ ಶಸ್ತ್ರಚಿಕಿತ್ಸೆಗೆ, ಮುಂಗಡ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಂದು ಖಾಸಗಿ ಕಣ್ಣಾಸ್ಪತ್ರೆಯಲ್ಲಿ ನನಗಾದದ್ದನ್ನು ಬರೆಯುತ್ತಿದ್ದೇನೆ. ಗ್ರಾಹಕರ ಆಯೋಗಕ್ಕೆ ಕೊಡಬೇಕಾದ ದೂರು ಸಿದ್ಧವಾಗುತ್ತಿರುವುದರಿಂದ ಆಸ್ಪತ್ರೆಯ ಹೆಸರು ಹಾಕಬಾರದೆಂದು ವಕೀಲರು ಹೇಳಿದ್ದಾರೆ. ಹೆಸರು ತಿಳಿದರೂ ಹೆಚ್ಚಿನ ಉಪಯೋಗವಿಲ್ಲ. ಇನ್ನು ಕನ್ನಡಕವೇ ಬೇಡ ಎಂಬ ಮಾತನ್ನು ಒಂದೇ ಧಾಟಿಯಲ್ಲಿ ಹೇಳಿ ಒಪ್ಪಿಸುವ ಆಸ್ಪತ್ರೆ ಕೌನ್ಸೆಲರ್‌ಗಳು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನನಗೆ 46 ವರ್ಷ. ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ಹೈಸ್ಕೂಲಿನಲ್ಲಿದ್ದಾಗ ಬಂದ ಕನ್ನಡಕ ಕೊನೆಗೆ ಬಲಗಣ್ಣಿಗೆ ಮೈನಸ್ 3.75, ಎಡಗಣ್ಣಿಗೆ ಮೈನಸ್ 3.25ಕ್ಕೆ ಬಂದು ನಿಂತಿತ್ತು. ಪ್ರೂಫ್ ಹಾಳೆ ಕೈಗೆ ಬಂದೊಡನೆ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಹಾಳೆಯನ್ನು ಮುಖದಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಹಿಡಿದು ಬರಿಗಣ್ಣಿನಲ್ಲಿ ಓದುವುದು ನನ್ನ ರೂಢಿಯಾಗಿತ್ತು. ಅಡಿಟಿಪ್ಪಣಿಯ 8 ಪಾಯಿಂಟ್ ಅಕ್ಷರದಲ್ಲಿ ಒತ್ತು ತಪ್ಪಿದ್ದರೆ, ಅನುಸ್ವಾರ ಹಾರಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ನನ್ನ ವಾರಿಗೆಯವರಿಗೆಲ್ಲ ಹತ್ತಿರದ್ದು ಮಸುಕಾಗುವ ಚಾಳೀಸು ಬಂದಿದ್ದರೂ ನನಗೆ ಅದರ ಗೊಡವೆ ಇರಲಿಲ್ಲ.

ಇದರ ಹಿಂದಿನ ಲೆಕ್ಕ ಬಹಳ ಸರಳವಾದದ್ದು, ಕಣ್ಣಿನ ವೈದ್ಯರಿಗೆಲ್ಲ ಬಾಯಿಪಾಠವಾಗಿರುವಂಥದ್ದು. ಮೈನಸ್ ಮೂರೂವರೆ ಪವರ್ ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಸುಮಾರು 28 ಸೆಂಟಿಮೀಟರ್ ದೂರದ ವಸ್ತು ಯಾವ ಪ್ರಯಾಸವೂ ಇಲ್ಲದೆ ಸ್ಪಷ್ಟವಾಗಿ ಕಾಣುತ್ತದೆ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಡುಸಾಗಿ ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ; ಆದರೆ ನನ್ನಂಥವರು ಕನ್ನಡಕ ತೆಗೆದರೆ ಸಾಕು, ಆ ಶಕ್ತಿ ಇಲ್ಲದಿದ್ದರೂ ಓದಬಹುದು. ದೂರದ ಪವರನ್ನು ಲೇಸರ್‌ನಿಂದ ಸೊನ್ನೆಗೆ ತಂದುಬಿಟ್ಟರೆ ಆ ಅನುಕೂಲ ಅಂದೇ ಹೋಗುತ್ತದೆ. ಅನಂತರ ದೂರಕ್ಕೆ ಕನ್ನಡಕ ಬೇಡ, ಆದರೆ ಪತ್ರಿಕೆಗೆ, ಮೊಬೈಲಿಗೆ, ಮಾತ್ರೆಯ ಪಟ್ಟಿಯ ಮೇಲಿನ ತಾರೀಖಿಗೆ, ಅಕ್ಕಿಯಲ್ಲಿನ ಕಲ್ಲಿಗೆ, ಎಲ್ಲದಕ್ಕೂ ಕನ್ನಡಕ ಬೇಕು. ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಕೌನ್ಸೆಲರ್ ಹೇಳಲಿಲ್ಲ, ಕಣ್ಣಿನ ಪವರ್ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಹೇಳಲಿಲ್ಲ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೂ ಹೇಳಲಿಲ್ಲ.

ನೋಂದಣಿಯ ಅರ್ಜಿಯಲ್ಲಿ ವಯಸ್ಸು 46 ಎಂದೂ ಉದ್ಯೋಗ ಪ್ರೂಫ್ ರೀಡರ್ ಎಂದೂ ನಾನೇ ನನ್ನ ಕೈಯಾರೆ ಬರೆದುಕೊಟ್ಟಿದ್ದೆ. ಫೈಲಿನ ಮೇಲೆ ವಯಸ್ಸನ್ನು ಕೆಂಪು ಶಾಯಿಯಲ್ಲಿ ಮತ್ತೊಮ್ಮೆ ಬರೆದವರು ಅವರೇ. ಅಂದರೆ ಅವರಿಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು.

ಕೌನ್ಸೆಲರ್ ಆಗಿದ್ದ ಹೆಣ್ಣುಮಗಳು ಬಹಳ ನಯವಾಗಿ ಮಾತನಾಡಿದರು. "ಸರ್, ಇಷ್ಟು ವರ್ಷ ಮೂಗಿನ ಮೇಲೆ ಭಾರ ಹೊತ್ತಿದ್ದು ಸಾಕು, ಇನ್ಮೇಲೆ ಲೈಫ್‌ಲಾಂಗ್ ಕನ್ನಡಕದ ತಲೆನೋವೇ ಇರಲ್ಲ" ಎಂದರು. "ಕನ್ನಡಕವೇ ಬೇಕಾಗುವುದಿಲ್ಲವೇ?" ಎಂದು ನಾನು ಸ್ಪಷ್ಟವಾಗಿ ಕೇಳಿದೆ. "ಇಲ್ಲವೇ ಇಲ್ಲ ಸರ್, ಅದಕ್ಕೇ ಅಲ್ವಾ ಮಾಡಿಸ್ಕೊಳ್ಳೋದು" ಎಂದು ನಕ್ಕರು. ವಿಮೆಯಿಂದ ಬರುವುದಿಲ್ಲ, ಆದರೆ ಕಂತಿನಲ್ಲಿ ಕಟ್ಟಬಹುದು ಎಂದರು. ವಿಮೆಯ ವಿಷಯದಲ್ಲಿ ಮಾತ್ರ ಅವರು ನಿಜ ಹೇಳಿದ್ದಾರೆ, 7.5 ಡಯಾಪ್ಟರ್‌ಗಿಂತ ಕಡಿಮೆ ಪವರ್‌ನ ದೃಷ್ಟಿದೋಷದ ಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಹೊರಗಿಡುತ್ತವೆ.

ಪರೀಕ್ಷೆಗಳಿಗೆ ಕೊರತೆಯಿರಲಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ನಕ್ಷೆ ತೆಗೆದರು, ದಪ್ಪ ಅಳೆದರು, ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟು ಕಣ್ಣೀರು ಅಳೆದರು, ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆಲ್ಲ ನೋಡಿದರು. ಇಷ್ಟೆಲ್ಲ ಮಾಡಿದವರು ಕೈಯಲ್ಲಿ ಹಿಡಿದು ಓದುವ ಆ ಚಿಕ್ಕ ಕಾರ್ಡನ್ನು ಮಾತ್ರ ಒಮ್ಮೆಯೂ ನನಗೆ ಕೊಡಲಿಲ್ಲ. ದೂರದ ಗೋಡೆಯ ಮೇಲಿನ ಅಕ್ಷರಗಳನ್ನೇ ಮತ್ತೆ ಮತ್ತೆ ಓದಿಸಿದರು. ಕಾರ್ಡು ಕೊಟ್ಟಿದ್ದರೆ, ದೂರದ ಪವರ್ ಹಾಕಿಸಿ ಆ ಕಾರ್ಡನ್ನು ಓದಿಸಿದ್ದರೆ, ಮುಂದೆ ನನ್ನ ಗತಿ ಏನಾಗುತ್ತದೆ ಎಂಬುದು ಆ ಕುರ್ಚಿಯಲ್ಲಿಯೇ ನನಗೆ ತಿಳಿದುಬಿಡುತ್ತಿತ್ತು.

ಒಪ್ಪಿಗೆ ಪತ್ರ ಬಂದದ್ದು ಶಸ್ತ್ರಚಿಕಿತ್ಸೆಯ ದಿನ, ತಲೆಗೆ ಟೋಪಿ ಹಾಕಿ, ಹಸಿರು ಗೌನು ತೊಡಿಸಿ, ಸಾಲಿನಲ್ಲಿ ಕೂರಿಸಿದ ಮೇಲೆ. ಪೂರ್ತಿ ಇಂಗ್ಲಿಷಿನಲ್ಲಿದ್ದ ಆ ಪತ್ರದ ಪುಟಗಳನ್ನು ಮಡಿಸಿ ಹಿಡಿದಿದ್ದ ನರ್ಸ್, ಬೆರಳಿಟ್ಟು ತೋರಿಸಿದ ಜಾಗಗಳಲ್ಲಿ ಸಹಿ ಹಾಕಿಸಿಕೊಂಡು ಫೈಲನ್ನು ಒಳಗೆ ಕೊಂಡೊಯ್ದರು. ಓದಿ ಕೊಡುತ್ತೇನೆ ಎಂದಾಗ "ಸರ್, ಡಾಕ್ಟರ್ ಕಾಯ್ತಾ ಇದಾರೆ, ಇದು ಎಲ್ಲರಿಗೂ ಹಾಕಿಸೋ ಫಾರ್ಮ್ಯಾಲಿಟಿ" ಎಂಬ ಉತ್ತರ ಬಂತು. ಪ್ರತಿ ಕೊಡಲಿಲ್ಲ.

ಶಸ್ತ್ರಚಿಕಿತ್ಸೆ ಬೇಗ ಮುಗಿಯಿತು. ದೂರದ ದೃಷ್ಟಿ ಚೆನ್ನಾಗಿಯೇ ಬಂತು, ಅದನ್ನು ಇಲ್ಲವೆನ್ನುವುದಿಲ್ಲ. ಬಸ್ಸಿನ ಬೋರ್ಡು ದೂರದಿಂದಲೇ ಕಾಣತೊಡಗಿತು. ಕಣ್ಣು ಒಣಗಿ ಉರಿಯುತ್ತಿತ್ತು, ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುತ್ತಿತ್ತು. ಕಾರ್ನಿಯಾದ ನರಗಳು ಕತ್ತರಿಸಿಹೋಗುವುದರಿಂದ ಕಣ್ಣು ಒಣಗುತ್ತದೆ, ಹಲವರಿಗೆ ಕೆಲವು ತಿಂಗಳು ಹೀಗಾಗುತ್ತದೆ ಎಂದು ಹನಿ ಬರೆದುಕೊಟ್ಟರು. ಅದರ ಬಗ್ಗೆ ನನ್ನ ತಕರಾರಿಲ್ಲ. ಓದಲು ಹಾಳೆ ಹಿಡಿದರೆ ಅಕ್ಷರವೆಲ್ಲ ಬೂದಿ ಬಳಿದಂತೆ ಕಲಸಿಹೋಗುತ್ತಿತ್ತು. ರೂಢಿಯ ಬಲದಿಂದ ಕೈ ಹಣೆಯ ಕಡೆಗೆ ಹೋಗುತ್ತಿತ್ತು, ತಳ್ಳಲು ಅಲ್ಲಿ ಕನ್ನಡಕವಿರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಹೀಲಿಂಗ್ ಆಗ್ತಾ ಇದೆ ಸರ್, ಟೈಮ್ ಕೊಡಿ" ಎಂದರು. ಕೊಟ್ಟೆ. ಪ್ರೂಫ್‌ಗಳನ್ನು ಸಹೋದ್ಯೋಗಿಗಳ ಮೇಜಿಗೆ ದಾಟಿಸುತ್ತ, ನಾಚಿಕೆಯಿಂದ ಏನೇನೋ ನೆಪ ಹೇಳುತ್ತ, ಗುಣವಾಗಲೆಂದು ಕಾದೆ.

ಒಂದು ತಿಂಗಳ ತಪಾಸಣೆಯ ದಿನವನ್ನು ನಾನು ಮರೆಯಲಾರೆ. ಚಿಕ್ಕ ವಯಸ್ಸಿನ ಆಪ್ಟೊಮೆಟ್ರಿಸ್ಟ್ ದೂರದ ಅಕ್ಷರ ಓದಿಸಿ "6/6, ಸೂಪರ್ ಸರ್" ಎಂದ. ಓದಲು ಆಗುತ್ತಿಲ್ಲವಪ್ಪಾ ಎಂದಾಗ ಡ್ರಾಯರ್ ತೆಗೆದು, ಆ ಚಿಕ್ಕ ಕಾರ್ಡನ್ನು ಕೈಗಿತ್ತ. ಅದೇ ಕಾರ್ಡು. ಅದರಲ್ಲಿ ಎನ್ 6, ಎನ್ 8 ಎಂದು ಗುರುತು ಹಾಕಿರುವುದು ಅಕ್ಷರದ ಪಾಯಿಂಟ್ ಅಳತೆಯನ್ನೇ. ಜೀವಮಾನವೆಲ್ಲ ಪಾಯಿಂಟ್ ಅಳತೆಯ ಜೊತೆಗೇ ಬಾಳಿದ ನನಗೆ ಎನ್ 12ರ ಸಾಲಿಗಿಂತ ಕೆಳಗೆ ಒಂದಕ್ಷರವೂ ಕಾಣಲಿಲ್ಲ. ಆತ ಪರೀಕ್ಷೆಯ ಫ್ರೇಮಿಗೆ ಪ್ಲಸ್ 1.50ರ ಗಾಜು ಸಿಕ್ಕಿಸಿದ. ಸಾಲುಗಳೆಲ್ಲ ಒಮ್ಮೆಗೇ ಕಪ್ಪಾಗಿ ನಿಂತವು. "ನಿಮಗೆ ರೀಡಿಂಗ್ ಗ್ಲಾಸ್ ಬೇಕು ಸರ್, ಏಜ್ ಆಯ್ತಲ್ಲ. ಕೆಳಗಡೆ ನಮ್ದೇ ಆಪ್ಟಿಕಲ್ ಇದೆ, ಲೇಸಿಕ್ ಪೇಶೆಂಟ್ಸ್‌ಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್" ಎಂದ.

ಕನ್ನಡಕ ಬಿಡಿಸಲೆಂದು ಹಣ ತೆಗೆದುಕೊಂಡವರು, ತಮ್ಮದೇ ಅಂಗಡಿಯಲ್ಲಿ, ಹತ್ತು ಪರ್ಸೆಂಟ್ ಡಿಸ್ಕೌಂಟಿನಲ್ಲಿ, ನನಗೆ ಕನ್ನಡಕ ಮಾರಲು ನಿಂತಿದ್ದರು. ಆ ಹುಡುಗನಿಗೆ ತಾನು ಏನು ಹೇಳಿದೆ ಎಂಬ ಪರಿವೆಯೇ ಇರಲಿಲ್ಲ. ದಿನವೂ ಹೇಳುವ ಮಾತನ್ನೇ ಹೇಳಿದ್ದ. ನನಗೆ ಉರಿ ಹತ್ತಿದ್ದೂ ಅದಕ್ಕೇ. ದಿನವೂ ಹೇಳುವ ಮಾತು ಎಂದಾದರೆ ಅದನ್ನು ಹಣ ಕಟ್ಟಿಸಿಕೊಳ್ಳುವ ಮೊದಲು ಏಕೆ ಹೇಳುವುದಿಲ್ಲ?

ಆಮೇಲೆ ಬಂದ ಉತ್ತರಗಳನ್ನು ಇದ್ದಂತೆಯೇ ಕೊಡುತ್ತೇನೆ. ವೈದ್ಯರು: "ಇದು ಚಾಳೀಸು, ವಯೋಸಹಜ, ಲೇಸರ್‌ಗೂ ಇದಕ್ಕೂ ಸಂಬಂಧವಿಲ್ಲ." ಸಂಬಂಧವಿಲ್ಲ ಎಂಬುದು ಅರ್ಧ ಸತ್ಯ. ಚಾಳೀಸನ್ನು ಲೇಸರ್ ತರಲಿಲ್ಲ, ನಿಜ. ಚಾಳೀಸಿನಿಂದ ನನ್ನನ್ನು ಕಾಪಾಡುತ್ತಿದ್ದ ಮೈನಸ್ ಪವರನ್ನು ತೆಗೆದದ್ದು ಲೇಸರ್. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದಿಂದ ಸವೆಸಿ ತೆಗೆದ ಪದರ ಮತ್ತೆ ಬೆಳೆಯುವುದಿಲ್ಲ. ಕೌನ್ಸೆಲರ್ ವಾಟ್ಸ್ಆ್ಯಪ್‌ನಲ್ಲಿ: "ಸರ್, ನಾವು ಹೇಳಿದ್ದು ದೂರದ ಕನ್ನಡಕದ ಬಗ್ಗೆ." ದೂರದ ಎಂಬ ಪದ ಅವರ ಬಾಯಿಂದ ಅದೇ ಮೊದಲ ಸಲ ಬಂದದ್ದು. ವ್ಯವಸ್ಥಾಪಕರು: "ಸಾವಿರಾರು ಜನ ಸಂತೋಷವಾಗಿದ್ದಾರೆ, ನಿಮ್ಮೊಬ್ಬರದೇ ಸಮಸ್ಯೆ." ಅನಂತರ ಅವರೇ ಒಪ್ಪಿಗೆ ಪತ್ರದ ನಾಲ್ಕನೆಯ ಪುಟದ ಫೋಟೋ ಕಳಿಸಿ "ಇಲ್ಲಿ ನಿಮ್ಮ ಸಹಿ ಇದೆ" ಎಂದು ಬರೆದರು. ನಲವತ್ತರ ನಂತರ ಓದುವ ಕನ್ನಡಕ ಬೇಕಾಗಬಹುದು ಎಂದು ಆ ಪುಟದ ತಳದಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಆ ಫೋಟೋವನ್ನು ಓದಲು ನನ್ನಿಂದಾಗಲಿಲ್ಲ. ಮಗಳು ಓದಿ ಹೇಳಿದಳು. ಪ್ರೂಫ್ ರೀಡರನೊಬ್ಬ ಅಚ್ಚಾದ ಸಾಲನ್ನು ಮಗಳಿಂದ ಓದಿಸಿಕೊಳ್ಳುವಂತೆ ಮಾಡಿದ್ದು ಆ ಆಸ್ಪತ್ರೆ.

ಇಷ್ಟು ಸಾಲದೆಂಬಂತೆ, ಕೊನೆಯ ಭೇಟಿಯಲ್ಲಿ ಅದೇ ಕೌನ್ಸೆಲರ್ ಇನ್ನೊಂದು ದಾರಿ ತೋರಿಸಿದರು. ಕಣ್ಣಿನೊಳಗಿನ ಮಸೂರವನ್ನೇ ತೆಗೆದು ಮಲ್ಟಿಫೋಕಲ್ ಲೆನ್ಸ್ ಕೂರಿಸಿದರೆ ಹತ್ತಿರ, ದೂರ ಎರಡೂ ಕಾಣುತ್ತದಂತೆ. ದರ ಲೇಸಿಕ್‌ಗಿಂತ ಹೆಚ್ಚು. ಹಳೆಯ ಗ್ರಾಹಕರಿಗೆ ಅದರಲ್ಲಿಯೂ ರಿಯಾಯಿತಿ. ಅವರ ಬಾಯಲ್ಲಿ ಬಂದ ಪದ ಗ್ರಾಹಕ ಎಂದೇ, ರೋಗಿ ಎಂದಲ್ಲ.

ಬೇರೆ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಕಣ್ಣಿನ ವಿಭಾಗದಲ್ಲಿ ತೋರಿಸಿದಾಗ ಅಲ್ಲಿನ ಹಿರಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ "ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿ ನೋಡಲಿಲ್ಲವೇ?" ಎಂಬುದು. ದೂರದ ಪೂರ್ತಿ ಪವರ್‌ನ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಓದುವ ವಿಷಯದಲ್ಲಿ ಕಣ್ಣು ಹೆಚ್ಚುಕಡಿಮೆ ಲೇಸಿಕ್ ಆದ ಕಣ್ಣಿನಂತೆಯೇ ಆಗುತ್ತದೆ. ಅದನ್ನು ಹಾಕಿಕೊಂಡು ಕೆಲಸಕ್ಕೆ ಕುಳಿತರೆ ಓದಲು ಆಗುತ್ತದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ, ಬೇಡವೆನಿಸಿದರೆ ತೆಗೆದಿಡಬಹುದು. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದರಲ್ಲಿ ಸ್ವಲ್ಪ ಮೈನಸ್ ಉಳಿಸಿ ಹತ್ತಿರಕ್ಕೂ ಹೊಂದಿಸುವ ಮೊನೊವಿಷನ್ ಎಂಬ ಪದ್ಧತಿಯೂ ಉಂಟು. ಎಲ್ಲರಿಗೂ ಒಗ್ಗುವುದಿಲ್ಲವಾದ್ದರಿಂದ ಅದನ್ನೂ ಕಾಂಟ್ಯಾಕ್ಟ್ ಲೆನ್ಸಿನಲ್ಲಿಯೇ ಮೊದಲು ಪರೀಕ್ಷಿಸುತ್ತಾರೆ. ಆ ಹೆಸರನ್ನೇ ನಾನು ಕೇಳಿದ್ದು ಕಣ್ಣು ಕೊಯ್ಸಿಕೊಂಡ ಮೇಲೆ.

ಆದ್ದರಿಂದ ಹೇಳುವುದಿಷ್ಟು. ನಲವತ್ತು ದಾಟಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನಿಮ್ಮ ಕೆಲಸವನ್ನು ಕೆಲವು ದಿನ ಮಾಡಿ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಲೇಸರ್‌ನ ಅಳತೆಗೆ ಹೋಗುವ ಮುನ್ನ ಅದನ್ನು ಒಂದೆರಡು ವಾರ ಬಿಟ್ಟಿರಬೇಕು, ಇಲ್ಲದಿದ್ದರೆ ಕಾರ್ನಿಯಾದ ಅಳತೆ ತಪ್ಪುತ್ತದೆ. ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ಮನೆಗೆ ಕೇಳಿ ಪಡೆಯಿರಿ, ಕೊಡದಿದ್ದರೆ ಎದ್ದು ಬನ್ನಿ. ಶಸ್ತ್ರಚಿಕಿತ್ಸೆಗೆ ಮುಂಚಿನ ಕಾರ್ನಿಯಾದ ಅಳತೆಗಳ ಪ್ರತಿಯನ್ನು ಬಿಡದೆ ಇಟ್ಟುಕೊಳ್ಳಿ. ಮುಂದೆ ಪೊರೆ ಬಂದಾಗ ಲೆನ್ಸಿನ ಪವರ್ ಲೆಕ್ಕ ಹಾಕಲು ಅವು ನೆರವಾಗುತ್ತವೆ. ಕೌನ್ಸೆಲರ್ ಹೇಳುವುದನ್ನು ವೈದ್ಯರ ಕೈಬರಹದಲ್ಲಿ ಬರೆಸಿಕೊಳ್ಳಿ. ಬರೆದುಕೊಡುವುದಿಲ್ಲ, ನೋಡುತ್ತಿರಿ.

ನನ್ನ ದೂರು ಶಸ್ತ್ರಚಿಕಿತ್ಸೆ ಕೆಟ್ಟಿತೆಂದಲ್ಲ, ತಿಳಿಸಬೇಕಾದದ್ದನ್ನು ತಿಳಿಸಲಿಲ್ಲವೆಂದು. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಚಿಕಿತ್ಸೆಯ ಸ್ವರೂಪ, ಪರಿಣಾಮ, ಬದಲಿ ದಾರಿಗಳನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿದೆ. ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವನ್ನು ಉಲ್ಲೇಖಿಸಿ ಪತ್ರ ಬರೆದ ಮೇಲಷ್ಟೇ ನನ್ನ ಫೈಲಿನ ಪ್ರತಿ ಹೊರಬಂದದ್ದು. ಇಂಥದ್ದಾದವರು ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು.

ವಕೀಲರ ನೋಟಿಸು ಹೋದ ಮೇಲೆ ವ್ಯವಸ್ಥಾಪಕರ ಧ್ವನಿ ಬದಲಾಯಿತು. ನನಗೆ ಬೇಕಾದ ಫ್ರೇಮಿನಲ್ಲಿ ಒಂದು ಓದುವ ಕನ್ನಡಕವನ್ನು ಪೂರ್ತಿ ಉಚಿತವಾಗಿ ಮಾಡಿಸಿಕೊಡುತ್ತಾರಂತೆ, ಆದರೆ ಚಿಕಿತ್ಸೆಯಿಂದ ತೃಪ್ತನಾಗಿದ್ದೇನೆ, ಯಾವ ದೂರೂ ಇಲ್ಲ ಎಂದು ಅವರು ಕಳಿಸಿರುವ ಪತ್ರಕ್ಕೆ ಸಹಿ ಹಾಕಬೇಕಂತೆ. ಆ ಪತ್ರವೂ ಇಂಗ್ಲಿಷಿನಲ್ಲಿದೆ. ಅದನ್ನು ಬೀದಿಬದಿಯಲ್ಲಿ ಕೊಂಡ ಪ್ಲಸ್ 1.50ರ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ, ಸಹಿ ಹಾಕದೆ, ದೂರಿನ ಜೊತೆ ಲಗತ್ತಿಸಲು ವಕೀಲರಿಗೆ ಕೊಟ್ಟಿದ್ದೇನೆ.