ಉಣಗೋಲು ದಾಟದ ಡೀಸೆಲ್, ಘಟ್ಟದಲ್ಲಿ ಏದುಸಿರು ಬಿಟ್ಟ ಪೆಟ್ರೋಲ್

ನಿವೃತ್ತಿಯ ದುಡ್ಡು ಕೈಗೆ ಬಂದ ದಿನದಿಂದ ನಮ್ಮ ಮನೆಯವರದ್ದು ಒಂದೇ ಜಪ: ಮಲಗೋ ಗಾಡಿ ತಗೊಳ್ಳೋಣ. ಕಾರವಾನ್, ಕ್ಯಾಂಪರ್, ಮೋಟರ್‌ಹೋಮ್ ಅಂತ ಹೆಸರು ದಿನಕ್ಕೊಂದು ಬದಲಾಗುತ್ತದೆ, ಆಸೆ ಮಾತ್ರ ಅದೇ. ನಾನು ಹಾಕಿದ ಷರತ್ತೂ ಒಂದೇ. ಕೊಳ್ಳುವ ಮೊದಲು ಬಾಡಿಗೆಗೆ ತಂದು ನಮ್ಮ ರಸ್ತೆಯಲ್ಲೇ ಓಡಿಸಿ ನೋಡಬೇಕು. ಬೆಂಗಳೂರಿನಲ್ಲಿ ಟೈಲ್ಸ್ ಮೇಲೆ ನಿಲ್ಲಿಸಿದರೆ ಎಲ್ಲ ಗಾಡಿಯೂ ಚೆನ್ನಾಗೇ ಕಾಣುತ್ತದೆ. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು, ಪ್ರಯೋಗ ಮಾಡದೆ ಫಲಿತಾಂಶ ಬರೆಯುವ ಮಕ್ಕಳ ರೆಕಾರ್ಡ್ ಪುಸ್ತಕ ಎಷ್ಟು ನೋಡಿಲ್ಲ!

ಹಾಗಾಗಿ 2025ರ ನವೆಂಬರಿನಲ್ಲಿ, ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ, ಎರಡು ಗಾಡಿ ತರಿಸಿದೆವು. ಮೊದಲ ವಾರ ಚಿಕ್ಕ ಪೆಟ್ರೋಲ್ ವ್ಯಾನು. ಹಿಂದಿನ ಸೀಟು ತೆಗೆದು ಪ್ಲೈವುಡ್ ಮಂಚ, ಅದರ ಕೆಳಗೆ 60 ಲೀಟರಿನ ನೀರಿನ ಟ್ಯಾಂಕು, ಒಂದು ಒಲೆ. ದಿನಕ್ಕೆ 3,500 ರೂಪಾಯಿ, ನಾವೇ ಓಡಿಸಿಕೊಳ್ಳಬೇಕು. ಮರುವಾರ ಮಿನಿಬಸ್ಸಿನ ಅಳತೆಯ ಡೀಸೆಲ್ ಗಾಡಿ. ಒಳಗೆ ನೆಟ್ಟಗೆ ನಿಲ್ಲಬಹುದು, ಶೌಚಾಲಯ, ಫ್ರಿಜ್ಜು, ಮೆತ್ತನೆ ಹಾಸಿಗೆ ಎಲ್ಲ ಇದೆ. ದಿನಕ್ಕೆ 9,000, ಡ್ರೈವರ್ ಕಡ್ಡಾಯ. ನನ್ನ ಕಾರಿನ ಲೈಸೆನ್ಸಿನಲ್ಲೇ 7,500 ಕೆಜಿವರೆಗಿನ ಗಾಡಿ ಓಡಿಸಬಹುದು ಎಂದು ವಾದ ಮಾಡಿ ನೋಡಿದೆ, ಬಾಡಿಗೆಯವರು ಒಪ್ಪಲಿಲ್ಲ. ಕಂಪನಿಗಳ ಹೆಸರು ಬರೆಯುವುದಿಲ್ಲ. ಬಾಡಿಗೆ ಗಾಡಿಯಲ್ಲಿ ಯಾವ ತಪ್ಪು ತಯಾರಿಸಿದವರದ್ದು, ಯಾವುದು ಇಟ್ಟುಕೊಂಡವರದ್ದು ಎಂದು ಮೂರು ದಿನದಲ್ಲಿ ಹೇಳಲಿಕ್ಕಾಗದು.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನ ಹತ್ತಿರ ಮೊದಲೇ ಸಲಹೆ ಕೇಳಿದ್ದೆವು. "ಚಿಕ್ಕಮ್ಮ, ಗ್ಯಾಸ್ ಮೋಟರ್‌ಹೋಮೇ ತಗೊಳ್ಳಿ" ಎಂದ. ಇವರು ಅರ್ಧ ದಿನ ಸಿಲಿಂಡರ್ ಎಲ್ಲಿಡೋದು ಎಂದು ಲೆಕ್ಕ ಹಾಕಿದರು. ಅಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನುವುದು ಎಂದು ತಿಳಿದ ಮೇಲೆ ಮನೆಯಲ್ಲಿ ನಗು. ಆದರೆ ಅವನ ಸಲಹೆ ನಮಗೆ ಹಾಗೇ ಹೊಂದುವುದಿಲ್ಲ. ಅಲ್ಲಿ ಬಸ್ಸಿನಷ್ಟು ದೊಡ್ಡ ಮನೆಯೂ ಪೆಟ್ರೋಲಿನಲ್ಲಿ ಸಿಗುತ್ತದೆ, ಫೋರ್ಡಿನ 7.3 ಲೀಟರಿನ ವಿ8 ಎಂಜಿನ್ ಹಾಕಿದ್ದು. ಅದೇ ಅಳತೆಯದ್ದು ಡೀಸೆಲಿನಲ್ಲೂ ಇದೆ. ಎಂಜಿನ್ ಹಿಂದುಗಡೆ, ಸಸ್ಪೆನ್ಷನ್ ಗಾಳಿಯದ್ದು, ಬೆಲೆಯೂ ಸಿಕ್ಕಾಪಟ್ಟೆ. ಸಾಲದ್ದಕ್ಕೆ ಅಲ್ಲಿ ಪೆಟ್ರೋಲಿಗಿಂತ ಡೀಸೆಲ್ಲೇ ತುಟ್ಟಿ. ನಮ್ಮಲ್ಲಿ ಆಯ್ಕೆ ಹಾಗಿಲ್ಲ. ದೊಡ್ಡದು ಬೇಕೆಂದರೆ ಡೀಸೆಲ್, ಪೆಟ್ರೋಲ್ ಬೇಕೆಂದರೆ ಚಿಕ್ಕದು. ಇಂಧನ ಆರಿಸಿದ ಕೂಡಲೇ ಮನೆಯ ಗಾತ್ರವೂ ತೀರ್ಮಾನವಾಗಿಬಿಡುತ್ತದೆ.

ಎರಡಕ್ಕೂ ಒಂದೇ ಪರೀಕ್ಷೆ ಕೊಟ್ಟೆ. ಸಾಗರದಿಂದ ಅಂಬಾರಗೋಡ್ಲು, ಶರಾವತಿ ಹಿನ್ನೀರು ದಾಟಿ ಸಿಗಂದೂರು, ವಾಪಸು. ಮಾರನೇ ದಿನ ಹೊಸನಗರ, ನಗರ, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಇಳಿದು ಹೊಸಂಗಡಿ, ಅಲ್ಲಿಂದ ತಿರುಗಿ ಅದೇ ಘಾಟಿ ಹತ್ತಿ ಮನೆಗೆ. ಹಿನ್ನೀರಿನ ಸೇತುವೆ 2025ರ ಜುಲೈ 14ರಂದು ತೆರೆದ ಮೇಲೆ ಈ ದಾರಿ ಬೆಣ್ಣೆ. ಲಾಂಚಿಗೆ ಕಾದು, ಗಾಡಿ ಹತ್ತಿಸಲು ಸರದಿ ಹಿಡಿದ ವರ್ಷಗಳು ನೆನಪಾದವು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಈಗ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ದಾಟಿಬಿಡುತ್ತೇವೆ. ಇವರಿಗೆ ಅದೇ ಬೇಸರ.

ಪೆಟ್ರೋಲ್ ವ್ಯಾನು ಬಯಲಿನಲ್ಲಿ ಸದ್ದಿಲ್ಲದ ಗಾಡಿ. ಹುಲಿಕಲ್ ಇಳಿಯುವಾಗಲೂ ಆರಾಮ. ಎರಡನೇ ಗೇರಿಗೆ ಹಾಕಿ ಕಾಲು ತೆಗೆದರೆ ತಾನೇ ಹಿಡಿದುಕೊಂಡು ಇಳಿಯಿತು. ಬುಡಕ್ಕೆ ಬಂದು ಹೊಸಂಗಡಿಯಲ್ಲಿ ಚಹಾ ಕುಡಿದು ತಿರುಗಿದೆವಲ್ಲ, ಅಲ್ಲಿ ಶುರುವಾಯಿತು. ಮೊದಲ ಗೇರು, 15ರ ವೇಗ, ಎಸಿ ಬಂದ್. ಈ ತರಹದ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಆರನೇ ತಿರುವಿನ ಹೊತ್ತಿಗೆ ನಾನು ದೋಸೆ ಕಾವಲಿಯ ಮೇಲೆ ಕೂತ ಹಾಗಾಗಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆಯಲಿಲ್ಲ, ಕನಿಕರಪಟ್ಟ ಅಂತ ಕಾಣುತ್ತದೆ.

ಆಗ ಟ್ಯಾಂಕು ನೆನಪಾಯಿತು. 60 ಲೀಟರ್ ನೀರು ಅಂದರೆ 60 ಕೆಜಿ. ಇನ್ನೊಬ್ಬ ಮನುಷ್ಯನನ್ನು ಸುಮ್ಮನೆ ಹೊತ್ತು ಘಟ್ಟ ಹತ್ತುತ್ತಿದ್ದೇವೆ! ಅಗಲ ಜಾಗ ನೋಡಿ ನಿಲ್ಲಿಸಿ ಕೆಳಗಿನ ನಲ್ಲಿ ತಿರುಗಿಸಿದೆ. ನೀರೆಲ್ಲ ಚರಂಡಿಗೆ ಹರಿಯುವವರೆಗೆ ಇವರು ರಸ್ತೆ ಬದಿ ನಿಂತು, ಯಾರೋ ಪರಿಚಯದವರು ನೋಡಿಯಾರು ಎನ್ನುವಂತೆ ಆಚೆ ಮುಖ ಮಾಡಿದ್ದರು. ಆಮೇಲೆ ಚಂಡಿಕಾಂಬೆ ಗುಡಿಯವರೆಗೆ ವ್ಯಾನು ಸ್ವಲ್ಪ ಉಸಿರಾಡಿತು. ಮಲೆನಾಡಿನಲ್ಲಿ ನೀರನ್ನು ಬುಡದಿಂದ ಹೊತ್ತು ತರುವುದು ಮೂರ್ಖತನ, ಮೇಲೆ ಬಂದ ಮೇಲೆ ಕೇಳಿದ ಮನೆಯಲ್ಲಿ ಕೊಟ್ಟಾರು.

ಡೀಸೆಲ್ ಗಾಡಿಗೆ ಈ ಕಷ್ಟ ಇಲ್ಲವೇ ಇಲ್ಲ. ಅದೇ ಏರು, ನೂರಿಪ್ಪತ್ತು ಲೀಟರ್ ನೀರು, ಫ್ರಿಜ್ಜಿನ ತುಂಬ ಸಾಮಾನು, ಮೂರು ಜನ. ಡ್ರೈವರ್ ಎರಡನೇ ಗೇರಿನಲ್ಲೇ ಮಾತಾಡುತ್ತಾ ಹತ್ತಿಸಿದ. ಚಿಕ್ಕ ಪೆಟ್ರೋಲ್ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ನೂರು ನ್ಯೂಟನ್ ಮೀಟರಿನ ಆಸುಪಾಸು, ಅದೂ ನಿಮಿಷಕ್ಕೆ 3,000 ಸುತ್ತು ತಿರುಗಿದ ಮೇಲೆ. ಇದರದ್ದು 350ರ ಹತ್ತಿರ, 1,400 ಸುತ್ತಿಗೇ ಸಿಗುತ್ತದೆ. ಕೂಗದೆ ಕೆಲಸ ಮಾಡುವ ಆಳು. ಇವರ ಮುಖ ನೋಡಬೇಕಿತ್ತು. "ಎಂತದೇ ಹೇಳು, ಡೀಸೆಲ್ ಡೀಸೆಲ್ಲೇ" ಎಂದು ಹೊಸನಗರ ಬರುವವರೆಗೆ ಮೂರು ಸಲ ಹೇಳಿದರು.

ಇಳಿಯುವಾಗ ಮಾತ್ರ ಬೇರೆ ಕತೆ. ಡೀಸೆಲ್ ಎಂಜಿನ್ನೇ ಚೆನ್ನಾಗಿ ಹಿಡಿಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವಿಷಯ ತಿರುಗಾಮುರುಗಾ. ಪೆಟ್ರೋಲ್ ಎಂಜಿನ್ನಿನಲ್ಲಿ ಎಕ್ಸಲರೇಟರ್ ಬಿಟ್ಟರೆ ಗಾಳಿಯ ಬಾಗಿಲು ಮುಚ್ಚುತ್ತದೆ. ಪಿಸ್ಟನ್ ಮುಚ್ಚಿದ ಬಾಗಿಲಿನ ವಿರುದ್ಧ ಗಾಳಿ ಎಳೆಯಬೇಕು. ಎಳನೀರಿನ ಸ್ಟ್ರಾ ತುದಿಗೆ ಬೆರಳು ಒತ್ತಿ ಹೀರಿ ನೋಡಿ, ಗೊತ್ತಾಗುತ್ತದೆ. ಆ ಎಳೆತವೇ ಗಾಡಿಯನ್ನು ಹಿಡಿಯುವುದು. ಡೀಸೆಲಿನಲ್ಲಿ ವೇಗ ಹಿಡಿತಕ್ಕೆ ಆ ಬಾಗಿಲನ್ನು ನೆಚ್ಚಿಲ್ಲ. ಗಾಳಿ ಧಾರಾಳ ಒಳಗೆ ಬರುತ್ತದೆ, ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನು ವಾಪಸು ದೂಡುತ್ತದೆ. ಅದಕ್ಕೇ ಬಸ್ಸು ಲಾರಿಗಳಿಗೆ, ಹೊಗೆಯ ದಾರಿ ಅಡ್ಡಗಟ್ಟಿ ಎಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಬೇರೆ ಕೊಡುವುದು. ನಮಗೆ ಬಂದ ಗಾಡಿಯಲ್ಲಿ ಅದಿರಲಿಲ್ಲ. ಘಾಟಿಯ ಅರ್ಧದಲ್ಲಿ ಬ್ರೇಕಿನ ಸುಟ್ಟ ವಾಸನೆ ಹಾಸಿಗೆವರೆಗೆ ಬಂತು. ಡ್ರೈವರ್ ಗುಡಿಯ ಹತ್ತಿರ ನಿಲ್ಲಿಸಿ, ಕೈ ಮುಗಿದು, ಕಾಲು ಗಂಟೆ ಚಕ್ರ ಆರಿಸಿದ. ಭಕ್ತಿಯಷ್ಟೇ ಅಲ್ಲ, ಭೌತಶಾಸ್ತ್ರವೂ ಹೌದು.

ಮೂರನೇ ದಿನ ಬೆಳಿಗ್ಗೆ ಡೀಸೆಲಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಡಿಪಿಎಫ್. 2020ರ ಏಪ್ರಿಲ್‌ನಿಂದ ಬಿಎಸ್6 ಎನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಹಿಡಿದ ಮಸಿಯನ್ನು ಸುಡಲು ಅದಕ್ಕೆ ಆರುನೂರು ಡಿಗ್ರಿಯ ಹತ್ತಿರ ಬಿಸಿ ಬೇಕು, ಆ ಬಿಸಿ ಬರಲು ಗಾಡಿ ಒಂದೇ ಸಮ ವೇಗವಾಗಿ ಓಡಬೇಕು. ನಮ್ಮ ಎರಡು ದಿನದ ಓಡಾಟದಲ್ಲಿ ಒಂದೇ ಸಮ ಎನ್ನುವುದು ಎಲ್ಲಿತ್ತು? ತಿರುವು, ಜಲ್ಲಿ, ದನ, ಮತ್ತೆ ತಿರುವು. ಬಹುಪಾಲು 30ರ ವೇಗ. "ಮೇಡಂ, ಹೈವೇಲಿ ಅರ್ಧ ಗಂಟೆ ಓಡಿಸ್ಬೇಕು, ಇಲ್ಲಾಂದ್ರೆ ಪಿಕಪ್ ಕಟ್ ಮಾಡುತ್ತೆ" ಎಂದ ಡ್ರೈವರ್. ಜೋಗಕ್ಕೆ ಹೋಗಬೇಕಿದ್ದವರು ಮಸಿ ಸುಡಲು ಶಿವಮೊಗ್ಗದ ದಿಕ್ಕಿಗೆ ಹೊರಟೆವು. ಆನಂದಪುರ ದಾಟಿ ಆಯನೂರಿನವರೆಗೆ 70ರಲ್ಲಿ ಓಡಿಸಿ, ದೀಪ ಆರಿದ ಮೇಲೆ ತಿರುಗಿ ಬಂದೆವು. ಬರುವಾಗ ಒಂದು ಕಡೆ ಇಡ್ಲಿ ಚೆನ್ನಾಗಿತ್ತು, ಅದೊಂದೇ ಲಾಭ.

ಇದರ ಜೊತೆ ಹೊಗೆಯ ವಿಷ ತಗ್ಗಿಸಲು ಹಾಕುವ ಯೂರಿಯಾ ದ್ರಾವಣ ಬೇರೆ. ಶೇ. 32.5 ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಮುಗಿಯಲು ಬಿಟ್ಟರೆ ಗಾಡಿ ಮುನಿಸಿಕೊಳ್ಳುತ್ತದೆ. ತೋಟಕ್ಕೆ ಹಾಕುವ ಯೂರಿಯಾ ಕಲಸಿ ಹಾಕಿದರೆ ಆಗದಾ ಎಂದು ಇವರು ಕೇಳಿದರು. ಆಗದು, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಇನ್ನು ಉಣಗೋಲಿನ ವಿಷಯ. ನಮ್ಮ ಮನೆಗೆ ಮುಖ್ಯರಸ್ತೆಯಿಂದ ಮುನ್ನೂರು ಮೀಟರ್ ಮಣ್ಣಿನ ದಾರಿ, ಕೊನೆಯಲ್ಲಿ ಇಳಿಜಾರಿನ ತಿರುವು, ತಿರುವು ಮುಗಿದದ್ದೇ ಎರಡು ಕಲ್ಲುಕಂಬ, ನಡುವೆ ಏಳಡಿ. ತೂತಿನಲ್ಲಿ ಮೂರು ಬಿದಿರುಗಳ ಎಳೆದು ಹಾಕುವ ಹಳೇ ಉಣಗೋಲು, ಮಾವನವರ ಕಾಲದ್ದು. ಪೆಟ್ರೋಲ್ ವ್ಯಾನು ದನ ಕೊಟ್ಟಿಗೆಗೆ ಬರುವ ಹಾಗೆ ಬಂತು. ಡೀಸೆಲ್ ಗಾಡಿಯ ಡ್ರೈವರ್ ಕನ್ನಡಿ ಮಡಚಿದ, ಹಿಂದೆ ಮುಂದೆ ಮಾಡಿದ, ಇಳಿದು ನೋಡಿದ, ತಲೆ ಕೆರೆದುಕೊಂಡ. ಗಾಡಿಯ ಮೈ ಹೋಗಬಹುದಿತ್ತೇನೋ, ತಿರುವಿನಲ್ಲಿ ಅದರ ಬಾಲ ಪಕ್ಕದ ಮಣ್ಣಿನ ಧರೆಗೆ ತಾಗುತ್ತಿತ್ತು. ಕೊನೆಗೆ ಮುಖ್ಯರಸ್ತೆಯಲ್ಲೇ ಬಿಟ್ಟೆವು. ಆ ರಾತ್ರಿ 9,000 ರೂಪಾಯಿಯ ಮೆತ್ತನೆ ಹಾಸಿಗೆಯಲ್ಲಿ ಡ್ರೈವರ್ ಮಲಗಿದ, ನಾವು ಮನೆಯ ಹಳೇ ಮಂಚದಲ್ಲಿ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ. ಪೆಟ್ರೋಲ್ ವ್ಯಾನು 268 ಕಿಲೋಮೀಟರಿಗೆ 22 ಲೀಟರ್ ಕುಡಿಯಿತು. ಡೀಸೆಲ್ 291ಕ್ಕೆ 33. ಲೀಟರಿಗೆ ಹನ್ನೆರಡು ರೂಪಾಯಿಯಷ್ಟು ಅಗ್ಗ, ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಶೇ. 10ರಷ್ಟಾದರೂ ಹೆಚ್ಚು ಶಕ್ತಿ, ಇಷ್ಟೆಲ್ಲ ಇದ್ದೂ ಕಿಲೋಮೀಟರಿಗೆ ಡೀಸೆಲಿನದ್ದು ಹತ್ತು ರೂಪಾಯಿ ದಾಟಿತು, ಪೆಟ್ರೋಲಿನದ್ದು ಎಂಟೂವರೆ. ಭಾರ ಎಳೆದ ಲೆಕ್ಕ ಹಿಡಿದರೆ ಡೀಸೆಲ್ಲೇ ಜಾಣ, ಒಪ್ಪುತ್ತೇನೆ. ಆದರೆ ಇಬ್ಬರು ಮುದುಕರಿಗೆ ಅಷ್ಟು ಭಾರ ಯಾಕೆ?

ರಾತ್ರಿಯ ಸುಖದಲ್ಲಿ ಡೀಸೆಲಿಗೆ ಪೂರ್ತಿ ಅಂಕ. ಪೆಟ್ರೋಲ್ ವ್ಯಾನಿನಲ್ಲಿ ನಾವಿಬ್ಬರು ಉಸಿರಾಡಿದ್ದೇ ಗಾಜಿನ ಮೇಲೆ ನೀರಾಗಿ, ಬೆಳಗಿನ ಜಾವ ಹಣೆಗೆ ತೊಟ್ಟಿಕ್ಕಿತು. ಒಲೆ ಹಚ್ಚಲು ಹೊರಗೇ ಬರಬೇಕು, ಹೊರಗೆ ಬಂದರೆ ಹುಲ್ಲಿನಲ್ಲಿ ಇನ್ನೂ ಉಂಬಳ. ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚುವ ಧೈರ್ಯ ನನಗಿಲ್ಲ, ನೀವೂ ಮಾಡಬೇಡಿ. ಡೀಸೆಲ್ ಗಾಡಿ ಬೆಳಿಗ್ಗೆ ಐದೂವರೆಗೆ ಸ್ಟಾರ್ಟ್ ಆದಾಗ ಮಾತ್ರ ಊರಿನ ನಾಯಿಗಳೆಲ್ಲ ಎದ್ದವು.

ನನ್ನ ತೀರ್ಮಾನಕ್ಕೆ ಕಾರಣವಾದದ್ದು ಓಡುವ ದಿನಗಳಲ್ಲ, ನಿಲ್ಲುವ ದಿನಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾರು ಗಾಡಿಯಲ್ಲಿ ಮಲಗುತ್ತಾರೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನಮ್ಮಲ್ಲಿ ಅಷ್ಟಲ್ಲದಿದ್ದರೂ ಚಪ್ಪಲಿಗೆ ಬೂಸ್ಟು ಬರುವಷ್ಟು ಇದೆ. ನಾಲ್ಕು ತಿಂಗಳು ಮಾಡಿನ ಕೆಳಗೆ ನಿಂತ ಡೀಸೆಲ್ ಟ್ಯಾಂಕಿನ ಅಡಿಗೆ ನೀರು ಇಳಿಯುತ್ತದೆ, ನೀರಿಗೂ ಎಣ್ಣೆಗೂ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಪೆಟ್ರೋಲೂ ಸಾಚಾ ಅಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ್ದು, ಎಥೆನಾಲ್ ತೇವ ಹೀರುತ್ತದೆ, ಹಳೆಯದಾದರೆ ಕೆಡುತ್ತದೆ. ಆದರೆ ಟ್ಯಾಂಕು ತುಂಬ ಇಟ್ಟು, ವಾರಕ್ಕೊಮ್ಮೆ ಸಾಗರಕ್ಕೆ ತರಕಾರಿ ತರಲು ಹೋಗಿ ಬಂದರೆ ಅದು ತೃಪ್ತ. ಡೀಸೆಲಿಗೆ ಆ ಪುಟ್ಟ ಓಡಾಟವೇ ವಿಷ, ಮತ್ತೆ ಜರಡಿಯಲ್ಲಿ ಮಸಿ.

ಇದನ್ನೆಲ್ಲ ಹೇಳಿದಾಗ ಇವರು ತೋರಿಸುವುದು ಮಾಡಿನಲ್ಲಿರುವ ಹಳೇ ಜೀಪನ್ನು. ಹಾಳೆ, ಸೋಗೆ ಹೊತ್ತು ಮೂವತ್ತು ವರ್ಷ ದುಡಿದದ್ದು. ಡೀಸೆಲಿನಲ್ಲಿ ಗಾಳಿ ಸಿಕ್ಕಿಕೊಂಡರೆ ಇವರೇ ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪಂಪ್ ಮಾಡಿ, ಪಂಚೆಗೆ ಕೈ ಒರೆಸಿಕೊಂಡು ಹೊರಡುತ್ತಿದ್ದರು. ಆ ಡೀಸೆಲ್ಲನ್ನು ನಾನೂ ಪ್ರೀತಿಸುತ್ತೇನೆ. ಈಗ ಅದನ್ನು ಯಾರೂ ತಯಾರಿಸುವುದಿಲ್ಲ. ಈಗಿನದ್ದರಲ್ಲಿ ಸೆನ್ಸರ್, ಜರಡಿ, ಯೂರಿಯಾ, ಒಂದು ಇಂಜೆಕ್ಟರ್ ಕೈಕೊಟ್ಟರೆ ಸ್ಪ್ಯಾನರಿಗೆ ಕೆಲಸವಿಲ್ಲ, ಶಿವಮೊಗ್ಗಕ್ಕೆ ಎಳೆದುಕೊಂಡೇ ಹೋಗಬೇಕು.

ವರ್ಷಕ್ಕೆ ನಾಲ್ಕೈದು ಸಲ ಹಂಪಿ, ಗೋಕರ್ಣ, ಕೇರಳ ಅಂತ ಸಾವಿರ ಕಿಲೋಮೀಟರ್ ಹೋಗುವವರು, ಮನೆ ಮುಂದೆ ಟಾರು ರಸ್ತೆ ಇರುವವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ. ನಾನು ಚಿಕ್ಕ ಪೆಟ್ರೋಲ್ ವ್ಯಾನಿಗೆ ಮುಂಗಡ ಕೊಟ್ಟಿದ್ದೇನೆ. ಮಂಚವನ್ನು ಬಿಚ್ಚಿ ತೆಗೆಯುವ ಹಾಗೆ ಮಾಡಿಸುವುದು, ಗಾಡಿಯ ಮೈಗೆ ಕೈ ಹಾಕುವುದಿಲ್ಲ. ದಾಖಲೆಯಲ್ಲಿರುವ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರು ಆರ್‌ಟಿಓ ಕಚೇರಿಯಲ್ಲಿ ನಿಲ್ಲಬೇಕಾಗುತ್ತದೆ. ನೀರಿನ ಟ್ಯಾಂಕು 20 ಲೀಟರಿನದ್ದು ಸಾಕು ಎಂದಿದ್ದೇನೆ.

ನಿನ್ನೆ ಸಂಜೆ ಇವರು ಟೇಪು ಹಿಡಿದು ಉಣಗೋಲಿನ ಹತ್ತಿರ ನಿಂತಿದ್ದರು. ಎಡಗಡೆಯ ಕಲ್ಲುಕಂಬ ಎರಡಡಿ ಸರಿಸಿದರೆ ಎಷ್ಟಾಗುತ್ತದೆ ಎಂದು ಅಳೆಯುತ್ತಿದ್ದರಂತೆ. ಕಂಬದ ಆಚೆ ನನ್ನ ಅಪ್ಪೆಮಿಡಿ ಮರ ಇದೆ ಎಂದು ನೆನಪಿಸಿ ಒಳಗೆ ಬಂದೆ.