ಸಾರ್ವತ್ರಿಕ ಮುಷ್ಕರದ ಆಡಿಯೋ ಕೋರ್ಸ್: ಪಾಠ ಚೆನ್ನ, ಪರೀಕ್ಷೆ ಎಡವಟ್ಟು

ಆರು ಕಂತಿನ ಆಡಿಯೋ ಕೋರ್ಸ್ ಇದು. ಕಾರ್ಮಿಕ ಚರಿತ್ರೆಯಲ್ಲಿ ಯಾವುದನ್ನು ಸಾರ್ವತ್ರಿಕ ಮುಷ್ಕರ ಅನ್ನಬೇಕು ಅನ್ನೋದೇ ವಿಷಯ. ನಾನು ಹದಿನೆಂಟು ವರ್ಷ ಕಾರ್ಮಿಕ ಸಂಘದ ಖಜಾಂಚಿಯಾಗಿ ಚಂದಾ ರಸೀದಿ ಹರಿದು ಕೊಟ್ಟವನು. ಮುಷ್ಕರದ ಬಗ್ಗೆ ನನಗೆ ಯಾರು ಏನು ಹೇಳಿಕೊಡ್ತಾರೆ ಅಂದುಕೊಂಡೇ ಕೇಳಲು ಕೂತೆ. ಮೊದಲ ಕಂತಿಗೇ ಸೊಕ್ಕು ಇಳಿಯಿತು.

ತಲೆ ಎಣಿಸಿದರೆ ಸಾಲದು, ಎಷ್ಟು ಬಗೆಯ ಕೆಲಸದವರು ಒಟ್ಟಿಗೆ ಹೊರಬಂದರು ಅಂತ ನೋಡಬೇಕು ಅನ್ನುತ್ತದೆ ಪಾಠ. ಸ್ವಂತ ಮಾಲೀಕರ ಜೊತೆ ಜಗಳವೇ ಇಲ್ಲದವರೂ ಅದರಲ್ಲಿರುತ್ತಾರೆ. ಊರೋ ದೇಶವೋ ನಿಲ್ಲುವಷ್ಟು ಹರವು ಇರುತ್ತದೆ.

ಮೂರನೇ ಕಂತಿಗಾಗಿಯೇ ಈ ಕೋರ್ಸ್ ಕೇಳಬಹುದು. 1919ರ ಸಿಯಾಟಲ್. ಹಡಗು ಕಟ್ಟುವ ಸುಮಾರು 35,000 ಜನ ಸಂಬಳಕ್ಕಾಗಿ ಕೆಲಸ ಬಿಟ್ಟಿದ್ದರು. ಫೆಬ್ರವರಿ 6ರಂದು ಬೇರೆ ಸಂಘಗಳವರೂ ಸಾವಿರಗಟ್ಟಲೆ ಅವರ ಬೆನ್ನಿಗೆ ನಿಂತರು. ಊರು ನಿಂತಿತು, ಆದರೆ ಉಪವಾಸ ಬೀಳಲಿಲ್ಲ. ಹಾಲಿನ ಗಾಡಿಯವರು 35 ಕಡೆ ಹಾಲು ಹಂಚಿದರು. ಅಡುಗೆಯವರು ದಿನಕ್ಕೆ ಸುಮಾರು 30,000 ಊಟ ಬಡಿಸಿದರು. ಆಸ್ಪತ್ರೆಯ ಬಟ್ಟೆ ಒಗೆಯಲು ಮುಷ್ಕರ ಸಮಿತಿಯೇ ಅನುಮತಿ ಕೊಟ್ಟಿತು. ಇಷ್ಟೆಲ್ಲ ಐದೇ ದಿನದಲ್ಲಿ! ನಮ್ಮ ಸಮಿತಿಯಲ್ಲಿ ಸಭೆಯ ನಡವಳಿ ಯಾರು ಬರೀಬೇಕು ಅಂತ ತೀರ್ಮಾನಿಸೋಕೇ ಅರ್ಧ ಗಂಟೆ ಹಿಡಿಯುತ್ತಿತ್ತು.

ನಾಲ್ಕನೇ ಕಂತು 1926ರ ಬ್ರಿಟನ್. ಕಡಿಮೆ ಸಂಬಳಕ್ಕೆ ಒಪ್ಪದ ಗಣಿ ಕೆಲಸಗಾರರಿಗೆ ಮಾಲೀಕರು ಲಾಕೌಟ್ ಮಾಡಿದರು. ರೈಲು, ಬಂದರು, ಮುದ್ರಣ, ಉಕ್ಕಿನ ಕೆಲಸದವರು ಅವರ ಪರವಾಗಿ ಒಂಬತ್ತು ದಿನ ಹೊರಗಿದ್ದರು. ತಮಾಷೆ ನೋಡಿ, ಕರೆ ಕೊಟ್ಟ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ಸಿಗೇ ‘ಸಾರ್ವತ್ರಿಕ’ ಅನ್ನೋ ಪದ ಬೇಡವಾಗಿತ್ತು. ‘ರಾಷ್ಟ್ರೀಯ ಮುಷ್ಕರ’ ಅಂತಿತ್ತು. ಸರ್ಕಾರದ ಮೇಲೇ ದಂಡೆತ್ತಿ ಬಂದ ಹಾಗೆ ಕೇಳಿಸುತ್ತದೆ ಅನ್ನೋ ಅಳುಕು. ಎಲ್ಲರನ್ನೂ ಒಮ್ಮೆಗೇ ಕರೆದಿರಲೂ ಇಲ್ಲ. ಎಂಜಿನಿಯರಿಂಗ್‌ನವರ ಸರದಿ ಬರುವ ಹೊತ್ತಿಗೆ ಆಟವೇ ಮುಗಿದಿತ್ತು. ಗಣಿಯವರು ಮಾತ್ರ ಇನ್ನೂ ತಿಂಗಳುಗಟ್ಟಲೆ ಒದ್ದಾಡಿದರು.

ಮರು ವರ್ಷ ಬಂದ ಕಾನೂನನ್ನು ಕೋರ್ಸ್ ಎರಡೇ ಮಾತಿನಲ್ಲಿ ಹಾರಿಸಿಬಿಟ್ಟಿದೆ. ನನಗೆ ಬೇಕಾಗಿದ್ದೇ ಅದು. ತಮ್ಮ ಉದ್ಯಮದ ಜಗಳ ಮೀರಿ, ಸರ್ಕಾರದ ಕೈ ಕಟ್ಟಿಹಾಕಲು ನಡೆಸುವ ಮುಷ್ಕರ ಅಪರಾಧ ಅಂತ 1927ರಲ್ಲಿ ಬರೆದಿಟ್ಟರು. 1946ರವರೆಗೂ ಅದು ಜಾರಿಯಲ್ಲಿತ್ತು. ವ್ಯಾಖ್ಯಾನ ಬೇಕಾದವರಿಗೆ ಅದರಷ್ಟು ಖಚಿತವಾಗಿ ಇನ್ಯಾರು ಹೇಳ್ತಾರೆ? ಐದು, ಆರನೇ ಕಂತು ಸುಮ್ನೆ ಎಳೆದಿದ್ದಾರೆ. ಬಿಟ್ಟರೂ ನಷ್ಟವಿಲ್ಲ.

ಕೊನೆಗೆ ಹತ್ತು ಪ್ರಶ್ನೆಗಳ ಪರೀಕ್ಷೆ. 1984-85ರ ಬ್ರಿಟಿಷ್ ಗಣಿ ಮುಷ್ಕರ ಸಾರ್ವತ್ರಿಕ ಮುಷ್ಕರವೇ? ‘ಅಲ್ಲ’ ಅಂತ ಒತ್ತಿದೆ. ತಪ್ಪು ಅಂತ ಬಂತು! ವರ್ಷವಿಡೀ ನಡೆದರೂ ಅದು ಒಂದೇ ಉದ್ಯಮದ್ದು, ಅಲ್ವಾ? ಅವರದೇ ಮೊದಲ ಕಂತು ಹೇಳೋದೂ ಇದನ್ನೇ. ಎರಡು ಸಲ ಬರೆದು ಕೇಳಿದೆ, ಉತ್ತರವಿಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ನೂರಕ್ಕೆ 90 ಅಂಕದ ಪ್ರಮಾಣಪತ್ರ ಬಂದಿದೆ. ಉಳಿದ 10 ಅವರ ಲೆಕ್ಕದಲ್ಲಿ ಬಾಕಿ.